ಕೈ ಸುಡುತ್ತಿದ್ದ ರೋಧಕ

ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ಕರೆಂಟು ಹೋಗುವುದಕ್ಕೆ ಬೇರೆ ನೆಪ ಬೇಕಿಲ್ಲ. ಆ ಮನೆಯ ಹತ್ತನೇ ತರಗತಿಯ ಹುಡುಗಿ ಓದುತ್ತಿದ್ದುದು ಒಂದು ಸೌರದೀಪದ ಬೆಳಕಿನಲ್ಲಿ. ಮೋಡ ಮುಚ್ಚಿದ ದಿನ ಬ್ಯಾಟರಿ ತುಂಬುವುದು ಅಷ್ಟಕ್ಕಷ್ಟೆ. ರಾತ್ರಿ ಎರಡು ಗಂಟೆ ಉರಿದು ದೀಪ ಆರುತ್ತಿತ್ತು. "ಹೊಸ ಬ್ಯಾಟರಿ ತರೋಣ ಬಿಡು" ಎಂದು ತಂದೆ ಹೇಳಿದರೂ ಅಡಿಕೆಯ ದುಡ್ಡು ಕೈಸೇರಲು ಇನ್ನೂ ತಿಂಗಳುಗಳಿದ್ದವು.

ಪೇಟೆಯಲ್ಲಿ ರೇಡಿಯೊ, ಟಿ.ವಿ. ರಿಪೇರಿ ಮಾಡುವ ಸೋದರಮಾವ ಬಂದಾಗ ಹುಡುಗಿ ದೀಪದ ಮುಚ್ಚಳ ತೆಗೆದು ತೋರಿಸಿದಳು. "ಮಾವ, ಇದನ್ನ ಮುಟ್ಟಿದ್ರೆ ಕೈ ಸುಡುತ್ತಲ್ಲ, ಯಾಕೆ?"

ಅದು 27 ಓಮ್‌ನ ರೋಧಕ. ಬ್ಯಾಟರಿ 12 ವೋಲ್ಟಿನದು. ಬಿಳಿ ಎಲ್‌ಇಡಿಗೆ ಬೇಕಾದದ್ದು ಸುಮಾರು 3 ವೋಲ್ಟ್. ಉಳಿದ 9 ವೋಲ್ಟ್ ರೋಧಕದ ಪಾಲು. ಪಠ್ಯದಲ್ಲಿರುವ ಓಮನ ನಿಯಮದಂತೆ ಭಾಗಿಸಿದರೆ ಪ್ರವಾಹ 0.33 ಆಂಪಿಯರ್. ಬ್ಯಾಟರಿ ಕೊಡುವ 4 ವಾಟಿನಲ್ಲಿ ದೀಪಕ್ಕೆ ಒಂದೇ ವಾಟು, ಮೂರು ವಾಟು ಬರೀ ಬಿಸಿ! ಎಲ್‌ಇಡಿ ಎಂದೊಡನೆ ಉಳಿತಾಯ ಎಂದು ನಂಬುವವರು ಇದನ್ನು ಗಮನಿಸುವುದೇ ಇಲ್ಲ.

ಮಾವ ರೋಧಕವನ್ನು ಕಿತ್ತು, ಆ ಜಾಗಕ್ಕೆ ತಾವೇ ಜೋಡಿಸಿದ ಬಕ್ ಕನ್ವರ್ಟರ್ ಹಾಕಿದರು. ಇದರಲ್ಲಿ ಟ್ರಾನ್ಸಿಸ್ಟರೊಂದು ಸೆಕೆಂಡಿಗೆ ಸಾವಿರಾರು ಸಲ ಸ್ವಿಚ್ಚಿನಂತೆ ಹಾಕಿ ಆರಿಸುತ್ತಿರುತ್ತದೆ. ಹಾಕಿದಾಗ ದೀಪ ಉರಿಯುವುದರ ಜೊತೆಗೆ ತಂತಿಯ ಸುರುಳಿಯ ಕಾಂತಕ್ಷೇತ್ರದಲ್ಲಿ ಶಕ್ತಿ ಕೂಡಿಕೊಳ್ಳುತ್ತದೆ. ಆರಿಸಿದಾಗ ಆ ಶಕ್ತಿಯೇ ಡಯೋಡಿನ ಮೂಲಕ ಸುತ್ತಿಬಂದು ದೀಪವನ್ನು ಉರಿಸುತ್ತದೆ. ಹೆಚ್ಚುವರಿ ವೋಲ್ಟನ್ನು ಸುಟ್ಟು ಕಳೆಯಬೇಕಾಗಿಲ್ಲ. ಮೀಟರು 0.13 ಆಂಪಿಯರ್ ತೋರಿಸಿತು.

"ಮಾವ, ಈಗ ಇದು ಸುಡ್ತಿದೆ!" ಹುಡುಗಿಯ ಬೆರಳು ಡಯೋಡಿನ ಮೇಲಿತ್ತು.

ಅವಳೆಂದದ್ದು ಸರಿ. 12 ವೋಲ್ಟನ್ನು 3ಕ್ಕೆ ಇಳಿಸುವಾಗ ಹೆಚ್ಚುಕಡಿಮೆ ಮುಕ್ಕಾಲು ಪಾಲು ಹೊತ್ತು ಪ್ರವಾಹ ಡಯೋಡಿನಲ್ಲೇ ಹರಿಯುತ್ತದೆ. ಸಾಮಾನ್ಯ ಸಿಲಿಕಾನ್ ಡಯೋಡು ಅಷ್ಟು ಹೊತ್ತೂ ಸುಮಾರು 0.7 ವೋಲ್ಟ್ ನುಂಗುತ್ತದೆ. 3 ವೋಲ್ಟಿನ ದೀಪಕ್ಕೆ ಅದು ಸಣ್ಣ ಸುಂಕವಲ್ಲ. ಮೇಲಾಗಿ ಮಾವ ಹಾಕಿದ್ದ 4007 ಡಯೋಡು 50 ಹರ್ಟ್ಸಿನ ಮನೆ ಕರೆಂಟಿಗೆ ಹೇಳಿಸಿದ್ದು. ಇಷ್ಟು ವೇಗದ ಸ್ವಿಚ್ಚಿಂಗಿಗೆ ಅದು ಒಗ್ಗದು.

ಮುಂದಿನ ವಾರ ಅವರು 5819 ಎಂಬ ಷಾಟ್ಕಿ ಡಯೋಡು ತಂದರು. ಇದು ಬೇಗ ಮುಚ್ಚಿಕೊಳ್ಳುತ್ತದೆ, ನುಂಗುವುದೂ ಕಡಿಮೆ. ಮೀಟರು 0.11ಕ್ಕೆ ಇಳಿಯಿತು. ಒಳ್ಳೆಯ ಡ್ರೈವರುಗಳಲ್ಲಿ ಡಯೋಡಿನ ಬದಲು ಮಾಸ್‌ಫೆಟ್ ಹಾಕಿ ಈ ನಷ್ಟವನ್ನೂ ಬಹುಪಾಲು ತಪ್ಪಿಸುವುದುಂಟು. ಮಾವನ ಪೆಟ್ಟಿಗೆಯಲ್ಲಿ ಅದಿರಲಿಲ್ಲ, ಅಷ್ಟೆ.

ಎರಡು ಗಂಟೆಗೆ ಸಾಲುತ್ತಿದ್ದ ಚಾರ್ಜು ಈಗ ಆರು ಗಂಟೆಗೆ ಸಾಕು. ಆ ರಾತ್ರಿ ಹತ್ತೂವರೆಗೆ ತಂದೆ ಎದ್ದು ಬಂದು, "ಮಲಗು ಪುಟ್ಟಿ, ಸಾಕು" ಎಂದು ತಾವೇ ದೀಪ ಆರಿಸಿದರು.