ಕೈ ಕಲಿಯಬೇಕಾದ ವಿದ್ಯೆ

ಬೇಸಾಯ ಹಾಗೂ ಗೋಪಾಲನೆ ಒಕ್ಕಲುತನದ ಜೋಡೆತ್ತುಗಳು; ಒಂದು ಕುಂಟಿದರೂ ಬಂಡಿ ಸಾಗದು. ಆದರೆ ವಿದ್ಯಾಲಯಗಳಲ್ಲಿ ಇವು ಅಗಲಿವೆ. 1964ರಲ್ಲಿ ಸ್ಥಾಪಿತವಾದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಅಂಗವಾಗಿದ್ದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, 2004ರ ಬಳಿಕ ಬೀದರಿನ ಪ್ರತ್ಯೇಕ ವಿಶ್ವವಿದ್ಯಾಲಯಕ್ಕೆ ಸೇರಿತು. ಆದಕಾರಣ ಕೃಷಿ ವಿದ್ಯಾರ್ಥಿಯು ಕೊಟ್ಟಿಗೆಯ ಅನುಭವವನ್ನು ಅರಸಿಯೇ ಪಡೆಯಬೇಕಾಗಿದೆ. ಕೊನೆಯ ವರ್ಷದ ಗ್ರಾಮೀಣ ಕಾರ್ಯಾನುಭವವು ಅದಕ್ಕೊಂದು ಸದವಕಾಶ.

ಗ್ರಂಥವು ಹೇಳಿದ್ದನ್ನು ಕೈ ಅರಿಯಬೇಕು. ಹಸುವಿನ ಎಡಪಕ್ಕೆಯ ಹಿಂದಣ ಗುಳಿಯ ಮೇಲೆ ಅಂಗೈಯಿಟ್ಟರೆ, ಮೆಲುಕು ಹಾಕುವ ಹೊಟ್ಟೆಯ ಚಲನೆ 2 ನಿಮಿಷಗಳಲ್ಲಿ ಎರಡು ಮೂರು ಸಲ ತಿಳಿಯುತ್ತದೆ. ಅದು ನಿಂತಿದ್ದರೆ ಹಸುವಿಗೆ ಸೌಖ್ಯವಿಲ್ಲ. ಹಾಲು ಕರೆಯುವ ಮುನ್ನ ಮೊದಲ ಧಾರೆಗಳನ್ನು ಬಟ್ಟಲಿಗೆ ಬಿಟ್ಟು ನೋಡಿದರೆ, ಗರಣೆಗಳು ಕೆಚ್ಚಲು ಬಾವಿನ ಸುಳಿವು ಕೊಡುತ್ತವೆ. ಹುಟ್ಟಿದ ಕರುವಿಗೆ ಗಿಣ್ಣುಹಾಲು ಕುಡಿಸಲು ತಡವಾದಷ್ಟೂ ರೋಗ ತಡೆಯುವ ಶಕ್ತಿ ಅದಕ್ಕೆ ಕಡಿಮೆ ದೊರೆಯುತ್ತದೆ.

ಒಂದೇ ಹಸುವಿನ ಹಾಲಿನಿಂದ ಸಂಸಾರ ತೂಗಿಸುವ ಬಡ ರೈತನಿಗೆ ಒಂದು ದಿನದ ಅಲಕ್ಷ್ಯವೂ ದೊಡ್ಡ ನಷ್ಟವೇ. ಅವನ ಅಂಗಳದಲ್ಲಿ ನಿಂತ ಪದವೀಧರನು ಹಸುವನ್ನು ಮುಟ್ಟಲು ಅಳುಕಿದರೆ ಆ ಪದವಿಗೆ ಬೆಲೆಯೇನು? ಯಾವ ಕಾಯಕವೂ ಕೀಳಲ್ಲವೆಂದು 12ನೆಯ ಶತಮಾನದ ಶರಣರು ಸಾರಿದರು. ಸಗಣಿ ಬಾಚಿದ ಕೈಯೇ ಲೇಖನಿಯನ್ನೂ ಹಿಡಿಯಲಿ. ಆಗ ವಿದ್ಯೆಯು ರೈತನ ಮನೆ ಬಾಗಿಲನ್ನು ಮುಟ್ಟೀತು.