ಭದ್ರಾವತಿ ರಸ್ತೆಯಿಂದ ದಮ್ಮಾಮ್‌ಗೆ

ಶಿವಮೊಗ್ಗದಿಂದ ಭದ್ರಾವತಿ ಬಹಳ ದೂರವೇನಲ್ಲ. ಅಮೀರ್ ಅಹ್ಮದ್ ವೃತ್ತದಿಂದ ಬಿ.ಎಚ್. ರಸ್ತೆ ಹಿಡಿದು ತುಂಗೆಯ ಸೇತುವೆ ದಾಟಿ, ವಿದ್ಯಾನಗರ, ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿಗಳನ್ನು ಹಿಂದೆ ಬಿಟ್ಟರೆ ಕಡದಕಟ್ಟೆ ಬರುತ್ತದೆ. ಅಲ್ಲಿಂದ ಮುಂದೆ ಭದ್ರೆ. ಒಂದು ಹೊಳೆಯಿಂದ ಇನ್ನೊಂದು ಹೊಳೆಯವರೆಗಿನ ಈ ದಾರಿಯಲ್ಲಿ ಬೆಳಗಿನ ಹೊತ್ತು ಹೊರಟರೆ ಕೆಂಪು ‘ಎಲ್’ ಅಂಟಿಸಿಕೊಂಡ ಕಾರುಗಳು ನಿಮಗೂ ಎದುರಾದಾವು. ಸ್ಟಿಯರಿಂಗ್ ಹಿಡಿದವರು ಹಲವೊಮ್ಮೆ ಬುರ್ಖಾ ಧರಿಸಿದ ನಮ್ಮ ಹೆಣ್ಣುಮಕ್ಕಳು. ಇವರಲ್ಲಿ ಕೆಲವರು ಕಲಿಯುತ್ತಿರುವುದು ಗಾಂಧಿ ಬಜಾರಿಗೆ ಹೋಗಿ ಬರಲಿಕ್ಕಲ್ಲ, ಕಡಲಾಚೆಯ ಊರಿನಲ್ಲಿ ಸಂಸಾರ ನಡೆಸಲಿಕ್ಕೆ.

ಭದ್ರಾವತಿ ಕಾರ್ಖಾನೆಗಳನ್ನು ನಂಬಿ ಬೆಳೆದ ಊರು. ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಅನಂತರ ಕಾಗದದ ಕಾರ್ಖಾನೆ ಬಂತು. ತಂದೆ ಸೈರನ್ ಕೇಳಿ ಸೈಕಲ್ ಏರಿ ಕೆಲಸಕ್ಕೆ ಹೋಗುತ್ತಿದ್ದ ಎಷ್ಟೋ ಮನೆಗಳ ಮಗ ಇಂದು ರಿಯಾದ್, ದಮ್ಮಾಮ್, ದುಬೈಗಳಲ್ಲಿದ್ದಾನೆ. ಮದುವೆಯಾದ ಮೇಲೆ ಸೊಸೆಯೂ ಮಕ್ಕಳೂ ಅಲ್ಲಿಗೆ ಹೋಗುತ್ತಾರೆ. ಅಲ್ಲಿ ನೆರೆಮನೆಯ ಖಾಲಾ ಇಲ್ಲ, ಕೂಗಿದರೆ ನಿಲ್ಲುವ ಆಟೋ ಇಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದಮ್ಮಾಮ್‌ನಲ್ಲಿದ್ದಾಳೆ. ಪತಿಗೆ ರಾತ್ರಿ ಪಾಳಿ. ಒಂದು ರಾತ್ರಿ ಮಗುವಿಗೆ ಜ್ವರ ಏರಿತು. ಕಟ್ಟಡದ ಕೆಳಗೆ ಅವರದೇ ಕಾರು ನಿಂತಿತ್ತು. ಅವಳ ಪರ್ಸಿನಲ್ಲಿ ಶಿವಮೊಗ್ಗದಲ್ಲಿ ಪಡೆದ ಡಿಎಲ್ ಕೂಡ ಇತ್ತು. ಆದರೆ ಕಾರು ಓಡಿಸಲು ಬರುತ್ತಿರಲಿಲ್ಲ! ರಜೆಗೆ ಬಂದಾಗ ಅವಳು ಹೇಳಿದ್ದು: “ಆಪಾ, ಕಾರ್ಡು ಬ್ರೋಕರ್ ಮಾಡಿಸಿಕೊಟ್ಟದ್ದು. ನಾನು ಕಾರಿನಲ್ಲಿ ಕೂತದ್ದೇ ಎರಡು ದಿನ. ಆ ರಾತ್ರಿ ಪಕ್ಕದ ಮನೆಯವರ ಬಾಗಿಲು ಬಡಿದೆ. ಅಲ್ಲಾಹನ ದಯೆ, ಅವರು ಎದ್ದು ಬಂದರು.”

ಪ್ರಿಯ ಸಹೋದರಿಯರೇ, ಈ ಮಾತನ್ನು ತುಸು ಯೋಚಿಸಿ. ಲೈಸೆನ್ಸ್ ಎಂಬುದು ಕಾರ್ಡಲ್ಲ, ಕೈಗೆ ಬಂದ ವಿದ್ಯೆಗೆ ಸಿಕ್ಕ ಸಾಕ್ಷಿ. ವಿದ್ಯೆಯಿಲ್ಲದೆ ಸಾಕ್ಷಿ ಕೊಂಡರೆ ಅದು ಸುಳ್ಳು ಸಾಕ್ಷಿಯೇ. ಲಂಚ ಕೊಡುವುದೂ ಪಡೆಯುವುದೂ ನಮ್ಮ ಧರ್ಮದಲ್ಲಿ ಎಷ್ಟು ಘೋರವೆಂದು ಬೇರೆ ಹೇಳಬೇಕಾಗಿಲ್ಲ.

ಅವಳು ಸುಮ್ಮನೆ ಕೂರಲಿಲ್ಲ. ರಜೆಯ ಒಂದು ತಿಂಗಳು ಫಜ್ರ್ ನಮಾಝಿನ ಬಳಿಕ ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಇದೇ ಭದ್ರಾವತಿ ರಸ್ತೆಯಲ್ಲಿ ಕಲಿತಳು. ಲಾರಿ, ಬಸ್ಸು, ಅಡ್ಡ ಬರುವ ದನ, ತಪ್ಪು ದಿಕ್ಕಿನಿಂದ ನುಗ್ಗುವ ಬೈಕು ಎಲ್ಲವೂ ಅವಳಿಗೆ ಪಾಠ ಹೇಳಿದವು.

ಸೌದಿ ಅರೇಬಿಯಾದಲ್ಲಿ ಬಹುಕಾಲ ಮಹಿಳೆಯರಿಗೆ ಲೈಸೆನ್ಸ್ ಕೊಡುತ್ತಿರಲಿಲ್ಲ. 1990ರ ನವೆಂಬರ್‌ನಲ್ಲಿ ರಿಯಾದ್‌ನ ಕೆಲವು ಮಹಿಳೆಯರು ತಾವೇ ಕಾರು ಓಡಿಸಿ ಅದನ್ನು ಪ್ರಶ್ನಿಸಿದ್ದರು. 2017ರ ಸೆಪ್ಟೆಂಬರ್‌ನಲ್ಲಿ ದೊರೆ ಸಲ್ಮಾನ್ ಆದೇಶ ಹೊರಡಿಸಿದರು. 2018ರ ಜೂನ್ 24ರಿಂದ ಮಹಿಳೆಯರು ರಸ್ತೆಗಿಳಿದರು. ಇಖಾಮಾ ಹೊಂದಿದ ವಿದೇಶಿ ಮಹಿಳೆಯರಿಗೂ ಅಲ್ಲಿ ಲೈಸೆನ್ಸ್ ಪಡೆಯಬಹುದು. ಒಂಟೆ ಏರುತ್ತಿದ್ದ ಕುರೈಶ್ ಮಹಿಳೆಯರನ್ನು ಪ್ರವಾದಿ(ಸ) ಹೊಗಳಿದ್ದನ್ನು ಹದೀಸ್ ಗ್ರಂಥಗಳಲ್ಲಿ ಓದಿದವರಿಗೆ ಇದು ವಿಚಿತ್ರವೆನಿಸದು.

ಇನ್ನು ಹೊರಡುವ ಮುನ್ನ ತಿಳಿದಿರಬೇಕಾದ ಕೆಲವು ವಿಷಯಗಳು.

ಮೊದಲನೆಯದು ನಮ್ಮ ಡಿಎಲ್. ಭದ್ರಾವತಿಯ ವಾಹನಗಳಿಗೂ ಕೆಎ 14 ಸಂಖ್ಯೆಯೇ. ಮೊದಲು ಎಲ್‌ಎಲ್‌ಆರ್. ಅದರ ಅವಧಿ ಆರು ತಿಂಗಳು. ಎಲ್‌ಎಲ್‌ಆರ್ ಸಿಕ್ಕಿ 30 ದಿನ ಕಳೆದ ಮೇಲೆಯೇ ಚಾಲನಾ ಪರೀಕ್ಷೆ. ಈ ಮೂವತ್ತು ದಿನ ಕಾಯಲಿಕ್ಕಲ್ಲ, ಕಲಿಯಲಿಕ್ಕೆ. ಅರ್ಜಿಯನ್ನು ‘ಸಾರಥಿ’ ಎಂಬ ಸರಕಾರಿ ತಾಣದಲ್ಲಿ ನೀವೇ ತುಂಬಬಹುದು. ಫೋಟೋದಲ್ಲಿ ಮುಖ ಸ್ಪಷ್ಟವಾಗಿ ಕಾಣಬೇಕು. ಪಾಸ್‌ಪೋರ್ಟಿನಲ್ಲಿರುವ ಹೆಸರು ಅಕ್ಷರಕ್ಷರವೂ ಡಿಎಲ್‌ನಲ್ಲಿರಲಿ. ಒಂದರಲ್ಲಿ ‘ಬೇಗಂ’, ಇನ್ನೊಂದರಲ್ಲಿ ‘ಬಾನು’ ಎಂದಿದ್ದರೆ ಪರದೇಶದಲ್ಲಿ ಅಲೆದಾಟ ತಪ್ಪದು.

ಎರಡನೆಯದು ಅಂತಾರಾಷ್ಟ್ರೀಯ ಚಾಲನಾ ಪರವಾನಿಗೆ. ಡಿಎಲ್ ಇದ್ದವರಿಗೆ ಮಾತ್ರ ಇದನ್ನು ಕೊಡುತ್ತಾರೆ. ನಮೂನೆ 4ಎ ಅರ್ಜಿ, ಪಾಸ್‌ಪೋರ್ಟ್ ಮತ್ತು 1000 ರೂಪಾಯಿ ಶುಲ್ಕ ಬೇಕು. ಅವಧಿ ಒಂದು ವರ್ಷ ಮಾತ್ರ. ಅದಕ್ಕೆ ಮೊದಲೇ ಡಿಎಲ್ ಮುಗಿದರೆ ಇದೂ ಮುಗಿಯಿತು. ವಿದೇಶದಲ್ಲಿರುವಾಗ ಅವಧಿ ತೀರಿದರೆ ಭಾರತೀಯ ರಾಯಭಾರ ಕಚೇರಿಯ ಮೂಲಕ ನವೀಕರಣಕ್ಕೆ ಅರ್ಜಿ ಹಾಕುವ ಸೌಲಭ್ಯವನ್ನು 2021ರ ಜನವರಿಯಲ್ಲಿ ತರಲಾಯಿತು.

ಆದರೆ ಬಹುಮಂದಿ ಎಡವುವುದು ಇಲ್ಲಿಯೇ. ಈ ಪರವಾನಿಗೆ ಸಂದರ್ಶಕರಿಗೆ ಉಪಯೋಗಕ್ಕೆ ಬರುತ್ತದೆ. ರೆಸಿಡೆನ್ಸ್ ವೀಸಾದಲ್ಲಿ ನೆಲೆಸಿದವರು ಆ ದೇಶದ ಲೈಸೆನ್ಸನ್ನೇ ಪಡೆಯಬೇಕು. ಯುಎಇಯಲ್ಲಿ ಕೆಲವು ದೇಶಗಳ ಲೈಸೆನ್ಸನ್ನು ನೇರವಾಗಿ ಬದಲಿಸಿಕೊಡುತ್ತಾರೆ, ನಮ್ಮದನ್ನು ಹಾಗೆ ಕೊಡುವುದಿಲ್ಲ. ತಮ್ಮ ದೇಶದ ಲೈಸೆನ್ಸ್ ಇದ್ದವರು ತರಗತಿಗಳಿಲ್ಲದೆ ಒಮ್ಮೆ ಪರೀಕ್ಷೆಗೆ ಕೂರುವ ಅವಕಾಶವನ್ನು ದುಬೈ 2023ರಲ್ಲಿ ತೆರೆಯಿತು. ಒಂದೇ ಅವಕಾಶ! ಬ್ರೋಕರ್ ಕೊಡಿಸಿದ ಕಾರ್ಡಿನಿಂದ ಅಲ್ಲೇನು ಪ್ರಯೋಜನ? ಅನುತ್ತೀರ್ಣರಾದರೆ ತರಗತಿಗೆ ಸೇರಿ, ದುಬಾರಿ ಶುಲ್ಕ ಕಟ್ಟಿ ಮೊದಲಿನಿಂದ ಕಲಿಯಬೇಕು.

ಮೂರನೆಯದು ರಸ್ತೆಯ ರೀತಿ. ನಮ್ಮಲ್ಲಿ ಎಡಕ್ಕೆ ಚಲಿಸುತ್ತೇವೆ, ಗಲ್ಫ್‌ನಲ್ಲಿ ಬಲಕ್ಕೆ. ಸ್ಟಿಯರಿಂಗ್ ಎಡಗಡೆ ಇರುತ್ತದೆ. ನಮ್ಮ ವೃತ್ತಗಳಲ್ಲಿ ಗಡಿಯಾರದ ಮುಳ್ಳಿನಂತೆ ಸುತ್ತಿ ಬಲಗಡೆಯಿಂದ ಬರುವವರನ್ನು ನೋಡುತ್ತೇವೆ. ಅಲ್ಲಿ ಸುತ್ತುವುದು ಅದಕ್ಕೆ ವಿರುದ್ಧವಾಗಿ, ವಾಹನ ಬರುವುದು ಎಡಗಡೆಯಿಂದ. ಹಾರನ್ ಒತ್ತಿ ದಾರಿ ಮಾಡಿಕೊಳ್ಳುವ ನಮ್ಮೂರ ಅಭ್ಯಾಸ ಅಲ್ಲಿ ನಡೆಯದು. ಸೌದಿಯಲ್ಲಿ 2010ರಿಂದ ‘ಸಾಹೆರ್’ ಎಂಬ ಕ್ಯಾಮೆರಾ ವ್ಯವಸ್ಥೆಯಿದೆ. ವೇಗ ಮೀರಿದರೆ ಪೊಲೀಸರು ಕೈ ಅಡ್ಡ ಹಿಡಿಯುವುದಿಲ್ಲ, ದಂಡದ ಸಂದೇಶ ಮೊಬೈಲಿಗೆ ಬರುತ್ತದೆ.

ನಾಲ್ಕನೆಯದು ಊರಿನ ಡಿಎಲ್‌ನ ಅವಧಿ. 2019ರ ತಿದ್ದುಪಡಿಯ ಪ್ರಕಾರ 30 ತುಂಬದವರಿಗೆ 40 ವರ್ಷ ವಯಸ್ಸಿನವರೆಗೆ, 30ರಿಂದ 50ರೊಳಗಿನವರಿಗೆ 10 ವರ್ಷಗಳಿಗೆ ಡಿಎಲ್ ಕೊಡುತ್ತಾರೆ. ಅವಧಿ ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಪರೀಕ್ಷೆ ಕೊಡಬೇಕು. ಅವಧಿಗೆ ಒಂದು ವರ್ಷ ಮೊದಲೇ ನವೀಕರಣಕ್ಕೆ ಅವಕಾಶವಿರುವುದರಿಂದ ರಜೆಗೆ ಬಂದಾಗ ದಿನಾಂಕ ನೋಡಿಕೊಳ್ಳಿ. ಹಳೆಯ ಪುಸ್ತಕ ಮಾದರಿಯ ಡಿಎಲ್ ಇದ್ದರೆ ಅದರ ವಿವರ ಸಾರಥಿಯಲ್ಲಿ ದಾಖಲಾಗಿದೆಯೇ ಎಂದು ವಿಚಾರಿಸಿ.

ದಮ್ಮಾಮ್‌ಗೆ ಮರಳಿದ ಆ ಹುಡುಗಿ ಮಹಿಳೆಯರ ಡ್ರೈವಿಂಗ್ ಶಾಲೆಗೆ ಸೇರಿದಳು. ಮೊದಲ ಪರೀಕ್ಷೆಯಲ್ಲಿ ಪಾರ್ಕಿಂಗ್ ಮಾಡುವಾಗ ಕಂಬಕ್ಕೆ ತಾಗಿಸಿ ಅನುತ್ತೀರ್ಣಳಾದಳು. ಎರಡನೆಯದರಲ್ಲಿ ತೇರ್ಗಡೆಯಾದಳು, ಅಲ್‌ಹಮ್ದುಲಿಲ್ಲಾಹ್. ಭದ್ರಾವತಿಯಲ್ಲಿರುವ ಅತ್ತೆ ಮೊದಮೊದಲು “ಹೆಂಗಸರಿಗ್ಯಾಕೆ ಕಾರು?” ಎನ್ನುತ್ತಿದ್ದರು. ಉಮ್ರಾ ಮುಗಿಸಿ ಮಗನ ಮನೆಗೆ ಹೋದಾಗ ಮೊಣಕಾಲು ನೋವಿಗೆ ಅವರನ್ನು ಆಸ್ಪತ್ರೆಗೆ ಕರೆದೊಯ್ದದ್ದು ಸೊಸೆಯೇ. ಈಗ ಅವರು ನೆರೆಹೊರೆಯವರಿಗೆ, “ನಮ್ಮ ಬಹೂ ಎಷ್ಟು ನಿಧಾನವಾಗಿ ಓಡಿಸ್ತಾಳೆ ಗೊತ್ತಾ?” ಎಂದು ಹೇಳಿಕೊಂಡು ತಿರುಗುತ್ತಾರೆ.

ಇತರರಿಗೆ ತೊಂದರೆ ಕೊಡದಿರುವುದು ದಾರಿಯ ಹಕ್ಕುಗಳಲ್ಲಿ ಒಂದೆಂದು ಪ್ರವಾದಿ(ಸ) ಕಲಿಸಿದ್ದಾರೆ. ಸರಿಯಾಗಿ ಕಲಿತು, ಪರೀಕ್ಷೆ ಕೊಟ್ಟು, ನಿಯಮ ಪಾಲಿಸಿ ವಾಹನ ನಡೆಸುವುದು ಆ ಹಕ್ಕನ್ನು ಸಲ್ಲಿಸಿದಂತೆಯೇ. ನಿಮ್ಮ ಮನೆಯ ಹೆಣ್ಣುಮಕ್ಕಳಲ್ಲಿ ಯಾರಾದರೂ ಪರದೇಶಕ್ಕೆ ಹೊರಟಿದ್ದರೆ ಉಪ್ಪಿನಕಾಯಿ, ಮಸಾಲೆ ಪುಡಿಗಳ ಜೊತೆ ಈ ವಿದ್ಯೆಯನ್ನೂ ಕೊಟ್ಟು ಕಳುಹಿಸಿ. ಸವಾರಿಯ ದುಆ ಓದಿ, ಬೆಲ್ಟ್ ಹಾಕಿಕೊಂಡು ಹೊರಡುವ ಪ್ರತಿಯೊಬ್ಬ ಸಹೋದರಿಯನ್ನೂ ಅಲ್ಲಾಹನು ಕ್ಷೇಮವಾಗಿ ಮನೆ ಸೇರಿಸಲಿ. ಆಮೀನ್.