ಕುಡಿತ ಬಿಡುವವರಿಗೊಂದು ಕೂಟ

ಕುಡಿತದಿಂದ ಹೊರಬರುವವರ ಸಹಾಯಕೂಟವೆಂದರೆ ಅದೇ ಕಷ್ಟ ಉಂಡವರು ಆಗಾಗ ಒಟ್ಟಿಗೆ ಕೂತು ಮಾತಾಡುವ ಜಾಗ. ಇದರ ಪ್ರಸಿದ್ಧ ಮಾದರಿ ಆಲ್ಕೊಹಾಲಿಕ್ಸ್ ಅನಾನಿಮಸ್; 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಶುರುವಾಯಿತು. ಶುಲ್ಕವಿಲ್ಲ. ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು. ಹೊಸಬರು ನಡುಗುವ ಕೈಯಲ್ಲಿ ಟೀ ಲೋಟ ಹಿಡಿದು, ಹಿಂದಿನ ಕುರ್ಚಿಯಲ್ಲಿ ಸುಮ್ಮನೆ ಕೂತು ಎದ್ದುಹೋದರೂ ತಪ್ಪಿಲ್ಲ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರಿಗೆ ಮೊದಲ ಬಾಗಿಲು ಆಸ್ಪತ್ರೆಯೇ ಆಗಬೇಕು. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೇ ಅಪಾಯ. ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ಸರ್ಕಾರದ ಕಾರ್ಯಕ್ರಮವೇ ಮನೋಚೈತನ್ಯ. ಹತ್ತಿರದ ಕೂಟ ಎಲ್ಲಿ, ಯಾವ ದಿನ ಎಂಬುದನ್ನು ಆಸ್ಪತ್ರೆಯ ಆಪ್ತಸಮಾಲೋಚಕರನ್ನೇ ಕೇಳುವುದು ಒಳ್ಳೆಯದು. ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮನಸ್ 14416, ಎರಡೂ ಉಚಿತ.

ಇನ್ನೊಂದು ದಾರಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ; ಅದು ಎಂಟು ದಿನದ್ದು. ಶಿಬಿರ ಮುಗಿಸಿದವರು ನವಜೀವನ ಸಮಿತಿ ಎಂಬ ಕೂಟದಲ್ಲಿ ಸೇರುತ್ತಾರೆ. ನಿಜವಾದ ಬಲ ಅಲ್ಲಿದೆ, ಏಕೆಂದರೆ ಒಂಬತ್ತನೆಯ ದಿನ ಮನೆಗೆ ಹೋಗುವ ದಾರಿಯಲ್ಲಿ ಹಳೆಯ ಅಂಗಡಿ ಹಾಗೇ ತೆರೆದಿರುತ್ತದೆ.

ಕೂಟ ಯಾವ ಭಾಷೆಯಲ್ಲಿ ನಡೆಯುತ್ತದೆ ಎಂಬುದನ್ನೂ ವಿಚಾರಿಸಬೇಕು: ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ತೆಲುಗೇ ಮನೆಮಾತು, ಮನಸ್ಸಿನ ನೋವು ಹೊರಬರುವುದು ಮನೆಮಾತಿನಲ್ಲೇ. ಕುಟುಂಬದವರಿಗಾಗಿ ಅಲ್-ಅನಾನ್ ಎಂಬ ಬೇರೆ ಕೂಟಗಳಿವೆ. ಕುಡಿಯುವವರು ಬರಲೊಲ್ಲೆ ಎಂದರೂ ಹೆಂಡತಿ, ತಾಯಿ, ಮಕ್ಕಳು ಅಲ್ಲಿಗೆ ಹೋಗಬಹುದು.